ಹೊಸ್ತಿಲಿಲ್ಲದ ಸಾಲುಮನೆ

೧೪ ಜೂನ್ ೧೯೫೩, ಭಾನುವಾರ, ಬನಹಟ್ಟಿ

ಬಂದಿಳಿದೆ. ಈ ಊರಿನಲ್ಲಿ ಮೊದಲು ಕಿವಿ ತುಂಬುತ್ತದೆ, ಕಣ್ಣಿನ ಸರದಿ ಆಮೇಲೆ. ಯಾವ ಬಾಗಿಲ ಮುಂದೆ ನಿಂತರೂ ಮಗ್ಗದ ಸಪ್ಪಳ. ಮಠದ ಪಡಸಾಲೆಯಲ್ಲಿ ಒಂದು ಮೂಲೆ ಸಿಕ್ಕಿದೆ. ಪಕ್ಕದಲ್ಲಿ ಇಬ್ಬರು ಸೀರೆ ವ್ಯಾಪಾರಿಗಳು, ಗೊರಕೆಯಲ್ಲಿ ಒಬ್ಬರಿಗೊಬ್ಬರು ಸೋಲದವರು.

ಪುಣೆಯ ಕಚೇರಿ ನನಗೆ ಕೊಟ್ಟಿರುವ ಪ್ರಶ್ನೆ ಒಂದೇ ಸಾಲಿನದು. ಮನೆಯ ಮೇಲಿನ ಕರದಿಂದ ಜನ ಹೊಸ ಮನೆ ಕಟ್ಟುವುದು ಕಡಿಮೆಯಾಗಿದೆಯೇ? ಜಮಖಂಡಿ, ಮುಧೋಳ, ಬೀಳಗಿ ಮತ್ತು ಈ ಜೋಡಿ ಊರು ರಬಕವಿ-ಬನಹಟ್ಟಿ ಸುತ್ತಿ ದೀಪಾವಳಿಯೊಳಗೆ ಉತ್ತರ ಬರೆಯಬೇಕು. ಮುಂಬೈ ಸರ್ಕಾರಕ್ಕೆ ಇದು ತಿಳಿಯಬೇಕಂತೆ. ನನಗೂ ತಿಳಿಯಬೇಕು. ಅರ್ಥಶಾಸ್ತ್ರ ಓದಿದ ಮೇಲೆ ಮೊದಲ ಸಲ ಯಾರೋ ನನ್ನನ್ನು ನಿಜವಾದ ಪ್ರಶ್ನೆ ಕೇಳಿದ್ದಾರೆ.

ಗಲಗಲಿಯಿಂದ ಹೆಂಡತಿ ಯಲ್ಲಕ್ಕ ಬರೆಸಿದ ಕಾಗದ ಬಂದಿದೆ. ಮಗಳು ಮಾಯಿಗೆ ಮೂರು ತಿಂಗಳು ತುಂಬಿತು. ಐದು ತುಂಬಿದ ಮೇಲೆ ತವರಿನಿಂದ ಕಳಿಸುತ್ತಾರೆ, ನಾನು ಒಂದು ಮನೆ ಹಿಡಿದಿದ್ದರೆ. ಮನೆಗಳ ಕೊರತೆ ಅಳೆಯಲು ಬಂದವನಿಗೇ ಮನೆ ಇಲ್ಲ. ಇದನ್ನು ವರದಿಯಲ್ಲಿ ಬರೆಯುವಂತಿಲ್ಲ.

೨೨ ಜೂನ್

ಎಂಥ ವಿಚಿತ್ರ ಊರು! ಕರದ ಕಚೇರಿಯವರು ತೋರಿಸಿದ ಲೆಕ್ಕದಲ್ಲಿ ಹೊಸ ಮನೆಗಳೇ ಇಲ್ಲ. ಓಣಿಗಳಲ್ಲಿ ತಿರುಗಿದರೆ ಸಾಲುಸಾಲಾಗಿ ಹೊಸ ಗೋಡೆಗಳು. ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಇನ್ನೂ ಮುಗಿದಿಲ್ರಿ." ಒಳಗೆ ಒಲೆ ಉರಿಯುತ್ತಿದೆ, ತೊಟ್ಟಿಲು ತೂಗುತ್ತಿದೆ, ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗ ನೇಯುತ್ತಿದ್ದಾರೆ. ಆದರೂ ಮುಗಿದಿಲ್ಲ.

ಕೊನೆಗೆ ಒಂದನ್ನು ಗಮನಿಸಿದೆ. ಈ ಮನೆಗಳ ಬಾಗಿಲ ಚೌಕಟ್ಟಿಗೆ ಮೂರೇ ಕಡೆ ಕಟ್ಟಿಗೆ. ಕೆಳಗಿನದು ಇಲ್ಲ, ನೆಲ ನೇರವಾಗಿ ಬೀದಿಗೆ ಕೂಡಿಕೊಂಡಿದೆ. ಎಲ್ಲ ಕಡೆ ಅದೊಂದೇ ಕೊರತೆ. ಕಾರಣ ಹೊಳೆಯಿತು. ಬೇಲಿಯ ನೆರಳಿಗಿದ್ದ ದಪ್ಪ ಬೇವಿನ ತುಂಡಿನ ಮೇಲೆ ಕುಳಿತು ಟಿಪ್ಪಣಿ ಬರೆದೆ: "ಮರದ ತೀವ್ರ ಅಭಾವ. ಕರಕ್ಕೂ ಇದಕ್ಕೂ ಸಂಬಂಧ ಕಾಣುವುದಿಲ್ಲ." ಮೊದಲ ವಾರದಲ್ಲೇ ಒಂದು ತೀರ್ಮಾನ. ಸಂತೋಷವಾಯಿತು.

೫ ಜುಲೈ

ಮನೆ ಸಿಕ್ಕಿತು!

ಮಲಕಾಜಪ್ಪನವರು ಮಗ್ಗಗಳ ಧಣಿ. ಒಂದೇ ತೊಲೆಯ ಕೆಳಗೆ ಐದು ಬಾಗಿಲುಗಳ ಸಾಲುಮನೆ ಕಟ್ಟಿಸಿದ್ದಾರೆ. ಒಂದರಲ್ಲಿ ತಾವೇ ಇದ್ದು ಮೂರನ್ನು ನೇಕಾರರಿಗೆ ಕೊಟ್ಟಿದ್ದಾರೆ. ಐದನೆಯದು ಖಾಲಿ ಇತ್ತು.

"ಸರ್ಕಾರದವ್ರಿಗಿ ಮನಿ ಕೊಡಾಕ ಅಂಜಿಕಿ ಬರ್ತೈತ್ರಿ" ಅಂದರು.

"ಯಾಕ್ರಿ?"

"ಬಂದವ್ರು ಬರೇ ಕೇಳಕೋತ ಇರ್ತಾರ." ಆಮೇಲೆ ನಕ್ಕು ಕೀಲಿ ಕೊಟ್ಟರು.

ಒಂದು ಕೋಣೆ, ಒಂದು ಅಡುಗೆಮೂಲೆ, ಹಿತ್ತಿಲು. ಯಲ್ಲಕ್ಕನಿಗೆ ತಕ್ಷಣ ಕಾಗದ ಬರೆದೆ. ಇಲ್ಲಿಯೂ ಬಾಗಿಲ ಕೆಳಗಿನ ಕಟ್ಟಿಗೆ ಇಲ್ಲ. ಇರಲಿ. ನನ್ನಜ್ಜ ರೇವಪ್ಪ ಬೆಳಗಲಿಯಿಂದ ಕುರಿ ಹೊಡೆದುಕೊಂಡು ಹೋಗುತ್ತಿದ್ದ ದಾರಿಯಲ್ಲಿ ನಾನು ಹುಟ್ಟಿದೆನಂತೆ, ಕಂಬಳಿಯ ಮರೆಯಲ್ಲಿ. ಆ ಹಟ್ಟಿಗೆ ಬಾಗಿಲೇ ಇರಲಿಲ್ಲ.

೯ ಜುಲೈ

ಮಳೆ. ನೀರು ಬಾಗಿಲಿನಿಂದ ಒಳಗೆ ಬಂದು ಹಾಸಿಗೆಯ ತನಕ ಮಾತಾಡಿಸಿಕೊಂಡು ಹೋಯಿತು. ಪಕ್ಕದ ಮನೆಯ ಅನಸವ್ವ ಒಂದು ಗೋಣಿಚೀಲಕ್ಕೆ ಮಣ್ಣು ತುಂಬಿ ತಂದು ಅಡ್ಡ ಇಟ್ಟಳು. ಗಂಡ ಇಲ್ಲದವಳು, ರಾಟಿಯಲ್ಲಿ ನೂಲು ಸುತ್ತಿ ಜೀವನ. ಮಗ ಕಾಶಪ್ಪ ಮಲಕಾಜಪ್ಪನವರ ಮಗ್ಗದಲ್ಲಿ ನೇಯುತ್ತಾನೆ. "ಸಾಹೇಬ್ರ, ದಿನಾ ಸಂಜಿಕಿ ಇಡ್ರಿ, ಮುಂಜಾನಿ ತಗೀರಿ" ಎಂದು ನನಗೆ ಕಲಿಸಿಕೊಟ್ಟಳು. ಓಣಿಯ ಎಲ್ಲರ ಬಳಿಯೂ ಇಂಥ ಚೀಲವಿದೆ.

೨೬ ಜುಲೈ

ಕೆಟ್ಟ ದಿನ.

ಅತ್ತೆ ತಂಗೆವ್ವ ಮನೆ ನೋಡಲು ಗಲಗಲಿಯಿಂದ ಬಂಡಿ ಕಟ್ಟಿಸಿಕೊಂಡು ಬಂದರು. ಗೋಡೆ ಮೆಚ್ಚಿದರು, ಮಾಡು ಮೆಚ್ಚಿದರು, ಬೀದಿಯಲ್ಲಿ ನಿಂತೇ. ಒಳಗೆ ಬನ್ನಿ ಅಂದೆ. ಬಾಗಿಲ ಕೆಳಗೆ ನೋಡಿ ನಿಂತುಬಿಟ್ಟರು.

"ಅಳಿಯಾರ, ಇದರಾಗ ಒಳಗ ಎಲ್ಲಿ ಸುರು ಆಗತೈತಿ?"

"ಬಾಗಲಾ ಐತೆಲ್ಲ ಅತ್ತಿ."

"ಬಾಗಲಾ ಕಳ್ಳರ ಸಲುವಾಗಿ. ಹೊಸ್ತಲ ಎಲ್ಲೈತಿ? ಎಳಿಕೂಸ ಎತಗೊಂಡ ಮೊದಲನೇ ಸಲ ಗಂಡನ ಮನಿ ತುಂಬಾಕಿ ಎಲ್ಲಿ ಕಾಲ ದಾಟಿಸಬೇಕು? ಎದಕ್ಕ ಅರಿಷಿಣ ಹಚ್ಚಬೇಕು?"

ಮರದ ಅಭಾವ ಎಂದು ವಿವರಿಸಲು ಹೋದೆ. ಅವರು ನನ್ನನ್ನು ನೋಡಿದ ನೋಟದಿಂದ ಬಾಯಿ ಮುಚ್ಚಿಕೊಂಡೆ. "ಹೊಸ್ತಲ ಹಾಕಸ್ರಿ, ಮಗಳನ ಕಳಸ್ತೇನಿ" ಎಂದು ನೀರೂ ಕುಡಿಯದೆ ಹೊರಟರು. ಮಾಯಿ ಈಗ ಮಗ್ಗುಲಾಗುತ್ತಾಳಂತೆ. ಬಂಡಿ ತಿರುಗುವಾಗ ಹೇಳಿದರು.

೨ ಆಗಸ್ಟ್

ಅರ್ಧ ದಿನ ನಕ್ಕಿದ್ದೇನೆ, ಅರ್ಧ ದಿನ ಸಿಟ್ಟಾಗಿದ್ದೇನೆ. ಬರೆದಿಡಬೇಕು.

ನಮ್ಮ ಸಾಲಿನ ಮುಂದೆ ಐದು ಬೇವಿನ ತುಂಡುಗಳು ಬಿದ್ದಿವೆ. ಗಂಡಸರು ಸಂಜೆ ಕೂರುವುದು ಅವುಗಳ ಮೇಲೆಯೇ. ಬೇಲಿಯ ಕಡೆಯದು ನನ್ನದು. ಜೂನಿನಿಂದ ಅದರ ಮೇಲೆ ಕುಳಿತೇ ಬರೆಯುತ್ತೇನೆ. ಇವತ್ತು ಪೆನ್ನು ಜಾರಿ ಬಿತ್ತು, ಎತ್ತಿಕೊಳ್ಳಲು ಬಗ್ಗಿದರೆ ತುಂಡಿನ ಪಕ್ಕದಲ್ಲಿ ಹಳದಿ ಕಲೆ. ಕೆರೆದರೆ ಅರಿಶಿಣ! ನಡುವೆ ಚಿಕ್ಕದಾಗಿ ಕೆತ್ತಿದ ಹೂವು. ಕೂರುವ ಕಟ್ಟಿಗೆಗೆ ಯಾರು ಪೂಜೆ ಮಾಡುತ್ತಾರೆ?

ಅನಸವ್ವ ರಾಟಿ ನಿಲ್ಲಿಸಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅವು ಹೊಸ್ತಲರೀ. ನೀವು ಕುಂತದ್ದು ನಿಮ್ಮ ಮನೀದ."

"ಹೊಸ್ತಲ ಮ್ಯಾಲ ಕುಂಡ್ರಬಾರದಲ್ಲ?"

"ಹಾಕಿದ ಮ್ಯಾಲ ಹೊಸ್ತಲ. ಅಲ್ಲೀತನಾ ಕಟಗಿ. ವರ್ಸಕ್ಕ ಒಂದ ದಿನ, ಹೊಸ್ತಲ ಹುಣ್ಣಿಮಿ ದಿನ, ಯಾರೂ ಕುಂಡ್ರಂಗಿಲ್ಲ. ನಾವು ಹೆಣಮಕ್ಕಳು ಬಿದ್ದಲ್ಲೇ ಪೂಜಿ ಮಾಡತೇವಿ. ಮರದಿನ ಗಂಡಸರು ಮತ್ತ ಕುಂಡ್ರತಾರ."

ಬಡಿಗೇರ ಮಾನಪ್ಪ ಇವನ್ನು ಕೆತ್ತಿ ಕೊಟ್ಟು ಮೂರು ವರ್ಷವಾಯಿತಂತೆ. ಮತ್ತೆ ಯಾಕೆ ಹಾಕಲಿಲ್ಲ? ಅವಳು ರಾಟಿ ತಿರುಗಿಸತೊಡಗಿದಳು. "ಅದನ್ನ ಧಣ್ಯಾರನ ಕೇಳ್ರಿ, ಇಲ್ಲಾ ಕರದ ಹುಲೆಪ್ಪನ ಕೇಳ್ರಿ."

ಮರದ ಅಭಾವ! ಮರದ ಮೇಲೆ ಕುಳಿತು ಬರೆದೆನಲ್ಲ!

೩ ಆಗಸ್ಟ್

ಹುಲೆಪ್ಪ ಕರ ವಸೂಲಿಯವನು. ಮುಚ್ಚುಮರೆ ಇಲ್ಲದೆ ಹೇಳಿದ. "ಸಂಸ್ಥಾನದ ಕಾಲದಿಂದ ಹಂಗ ಬಂದೈತ್ರಿ. ಹೊಸ್ತಲ ಹಾಕಿ ಪೂಜಿ ಆತು ಅಂದ್ರ ಮನಿ. ಅಲ್ಲೀತನಾ ಬರೇ ಕಟ್ಟಡ. ಕಟ್ಟಡಕ್ಕ ಕರ ಇಲ್ಲ." ಇದು ಬರೆದ ಕಾಯಿದೆಯಲ್ಲ, ರೂಢಿ. ಆದ್ದರಿಂದಲೇ ಗಟ್ಟಿ.

ಎಂಥ ಜನ! ವರ್ಷಗಟ್ಟಲೆ ಮಳೆನೀರು ಒಳಗೆ ಬಿಟ್ಟುಕೊಳ್ಳುತ್ತಾರೆ, ಇಲಿ ಹೆಗ್ಗಣ ಬಿಟ್ಟುಕೊಳ್ಳುತ್ತಾರೆ, ಸರ್ಕಾರವನ್ನು ಮಾತ್ರ ಒಳಗೆ ಬಿಡುವುದಿಲ್ಲ. ಶುದ್ಧ ಕರಗಳ್ಳರು. ವರದಿಯಲ್ಲಿ ಇದೇ ಶಬ್ದ ಬಳಸುತ್ತೇನೆ.

೩೦ ಆಗಸ್ಟ್, ಮುಧೋಳ

ತಿರುಗಾಟದಲ್ಲಿ ನಾಲ್ಕು ವಾರ ಬರೆಯಲಾಗಲಿಲ್ಲ. ಕಂಡದ್ದು ಮಾತ್ರ ಸೊಗಸು. ಇಲ್ಲಿನ ಒಂದು ಪೇಟೆಯಲ್ಲಿ ಬೀದಿಗೆ ತೆರೆಯುವ ಬಾಗಿಲುಗಳನ್ನು ಎಣಿಸಿ ಕರ ಹಾಕುತ್ತಾರೆ. ಅದಕ್ಕೆ ಒಂದೇ ಬಾಗಿಲು, ಒಳಗೆ ಮೂರು ಸಂಸಾರ, ಮೂವರು ಸೊಸೆಯಂದಿರು ಒಬ್ಬರ ಕಾಲು ಒಬ್ಬರು ತುಳಿಯುತ್ತ ಓಡಾಡುತ್ತಾರೆ. ಬೀಳಗಿಯಲ್ಲಿ ಒಬ್ಬ ಅಂಗಡಿಯವನು ಮೇಲಿನ ಮಜಲಿಗೆ ಮೆಟ್ಟಿಲನ್ನೇ ಕಟ್ಟಿಸಿಲ್ಲ. ಏಣಿ ಹಾಕಿಕೊಂಡು ಹತ್ತುತ್ತಾನೆ, ಕರದವರು ಬಂದ ದಿನ ಏಣಿ ಎತ್ತಿಡುತ್ತಾನೆ. ನನಗೂ ಹತ್ತಿಸಿ ತೋರಿಸಿದ, ಹೆಮ್ಮೆಯಿಂದ.

ಜನ ಮನೆ ಕಟ್ಟುವುದನ್ನು ಬಿಟ್ಟಿಲ್ಲ. ಸರ್ಕಾರ ಏನನ್ನು ಎಣಿಸುತ್ತದೆಯೋ ಅದನ್ನು ಮಾತ್ರ ಕಟ್ಟುವುದಿಲ್ಲ. ಇದು ಯಾವ ಪಾಠದಲ್ಲೂ ಇರಲಿಲ್ಲ. ನಿದ್ದೆ ಬರಲಿಲ್ಲ, ಅಷ್ಟು ಖುಷಿ.

೧೩ ಸೆಪ್ಟೆಂಬರ್, ಬನಹಟ್ಟಿ

ಮಲಕಾಜಪ್ಪನವರ ಮುಂದೆ ನನ್ನ ಹೊಸ್ತಿಲಿನ ಮಾತು ಎತ್ತಿದೆ. ನನ್ನದೊಂದನ್ನು ಹಾಕಿಸಿ, ಖರ್ಚು ನನ್ನದು ಎಂದೆ.

"ಒಂದ ಹಾಕಿದ್ರ ಐದೂ ಹಾಕಿಧಂಗ್ರಿ. ಒಂದ ತೊಲಿ, ಒಂದ ಕಟ್ಟಡ. ಐದಕ್ಕೂ ಕರ ಬರ್ತೈತಿ." ಆಮೇಲೆ ದನಿ ಇಳಿಸಿದರು. "ಮತ್ತ ಒಂದ ಮಾತು. ನಮ್ಮ ಓಣಿ ಸುದ್ದಿ ನಿಮ್ಮ ಕಾಗದದಾಗ ಬರಬಾರದು. ಬಂತು ಅಂದ್ರ, ಸಿಟ್ಟಾಗಬ್ಯಾಡ್ರಿ, ಮನಿ ಬಿಡಬೇಕಾಗತೈತಿ."

ಸಿಟ್ಟಾಗಬೇಕೆಂದಿದ್ದೆ. ಆದರೆ ಅವರು ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ನೂಲಿನ ಬೆಲೆ ಏರಿದೆ, ಸೀರೆ ಹೋಗುತ್ತಿಲ್ಲ. ಕರ ಬಂದರೆ ಬಾಡಿಗೆ ಏರಿಸಬೇಕು, ಏರಿಸಿದರೆ ಕಾಶಪ್ಪನಂಥವರು ಎಲ್ಲಿಗೆ ಹೋಗಬೇಕು? ಹಿತ್ತಿಲಾಚೆ ಇನ್ನೊಂದು ಸಾಲಿಗೆ ಪಾಯ ತೋಡಿಸಿದ್ದರಂತೆ. ಎರಡನೆಯ ಸಾಲೂ ಮುಗಿದಿಲ್ಲ ಎಂದರೆ ಕರದವರು ನಂಬುವುದಿಲ್ಲವೆಂದು, ಕರದ ಲೆಕ್ಕ ಹಾಕಿ ಕೈಬಿಟ್ಟರು. ಪಾಯ ನೋಡಿ ಬಂದೆ. ಅದರಲ್ಲಿ ಎಮ್ಮೆ ಮಲಗಿತ್ತು.

ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೌದು, ಕರದಿಂದ ಕಟ್ಟುವುದು ನಿಂತಿದೆ. ಸಾಕ್ಷಿ ಆ ಎಮ್ಮೆ. ಆದರೆ ಬರೆದರೆ ನನ್ನ ಮನೆ ಹೋಗುತ್ತದೆ, ಬರೆಯದಿದ್ದರೆ ಈ ರೂಢಿ ಬದಲಾಗುವುದಿಲ್ಲ, ಹೊಸ್ತಿಲು ಬರುವುದಿಲ್ಲ. ಎರಡೂ ಕಡೆಯಿಂದ ಯಲ್ಲಕ್ಕ ಮತ್ತು ಮಾಯಿ ಗಲಗಲಿಯಲ್ಲೇ.

೨೭ ಸೆಪ್ಟೆಂಬರ್

ಗಲಗಲಿಗೆ ಹೋಗಿ ಬಂದೆ. ಮಾಯಿ ನನ್ನನ್ನು ಕಂಡು ಅತ್ತಳು, ಗುರುತು ಸಿಗಲಿಲ್ಲ. ಬರುವಾಗ ಯಲ್ಲಕ್ಕ ಬುತ್ತಿ ಕಟ್ಟಿಕೊಟ್ಟಳು, ಬಂಡಿ ಬೇವಿನಮರ ದಾಟುವ ತನಕ ಅಲ್ಲೇ ನಿಂತಿದ್ದಳು.

೧೧ ಅಕ್ಟೋಬರ್

ಕಾಶಪ್ಪ ಸಂತೆಯ ದಿನ ರಬಕವಿಗೆ ಯಾಕೆ ಹೋಗುತ್ತಾನೆಂದು ಗೊತ್ತಾಯಿತು. ಅಲ್ಲಿಯ ನೇಕಾರರ ಮಗಳು ಶೇವಂತಿಯೊಡನೆ ನಿಶ್ಚಯವಾಗಿ ಎರಡು ವರ್ಷವಾಗಿದೆ. ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬರಬೇಕಾದ ಹುಡುಗಿ. ಹೊಸ್ತಿಲೇ ಇಲ್ಲದ ಮನೆಗೆ ಕಳಿಸುವುದಿಲ್ಲ ಎಂದು ಅವಳ ತಂದೆ ಮದುವೆ ನಿಲ್ಲಿಸಿದ್ದಾರೆ. ಇವನು ಸಂತೆಯಲ್ಲಿ ಬೀದಿಯ ಈಚೆ ನಿಂತು, ಆಚೆ ಬಳೆ ಅಂಗಡಿಯಲ್ಲಿ ಅವಳನ್ನು ನೋಡಿ ಬರುತ್ತಾನೆ. ಪಾಪ, ನನ್ನ ಅತ್ತೆಯಂಥವರು ಆ ಊರಿನಲ್ಲೂ ಇದ್ದಾರೆ.

ಅನಸವ್ವನಿಗೆ ನನ್ನ ಇಕ್ಕಟ್ಟು ಹೇಳಿದೆ. ಯಾಕೆ ಹೇಳಿದೆನೋ. ಅವಳು ಕೈಯಲ್ಲಿದ್ದ ನೂಲಿನ ಕಂಡಿಕೆ ಸುತ್ತಿ ಮುಗಿಸಿದಳು.

"ಕರ ಉಳೀತು ಅಂತಾರ. ಯಾರಿಗಿ ಉಳೀತು ತಮ್ಮಾ? ಚೀಲ ಹೊತ್ತ ಇಡಾಕಿ ನಾನು. ಒಳಗ ಬಂದ ನೀರ ಬಳಿಯಾಕಿ ನಾನು. ನನ್ನ ಸೊಸಿ ಎರಡ ವರ್ಸದಿಂದ ರಬಕವ್ಯಾಗ ಕುಂತಾಳ. ಇದನ್ನ ಎಲ್ಲಿ ಬರ್ಕೊಂಡಿ ನೀ?"

ಬರೆದುಕೊಂಡಿರಲಿಲ್ಲ. ನಾನು ಈವರೆಗೆ ಮನೆಗಳ ಧಣಿಗಳನ್ನು ಮಾತ್ರ ಪ್ರಶ್ನೆ ಕೇಳಿದ್ದೇನೆ. ಕಚೇರಿ ಹೇಳಿದ್ದೂ ಅಷ್ಟೇ. ನಾಳೆಯಿಂದ ಅಡುಗೆಮನೆಗಳಿಗೆ ಹೋಗಬೇಕು.

೨೫ ಅಕ್ಟೋಬರ್

ವರದಿ ಮುಗಿಯಿತು. ಕದ್ದು ಕಳಿಸಲು ಮನಸ್ಸು ಬರಲಿಲ್ಲ. ಇವತ್ತು ಇಳಿಹೊತ್ತಿನಲ್ಲಿ ಸಾಲಿನವರನ್ನೆಲ್ಲ ಸೇರಿಸಿ ಕನ್ನಡದಲ್ಲಿ ಓದಿ ಹೇಳಿದೆ. ಗಂಡಸರು ತುಂಡುಗಳ ಮೇಲೆ ಕುಳಿತಿದ್ದರು, ಹೆಂಗಸರು ಬಾಗಿಲುಗಳಲ್ಲಿ ನಿಂತಿದ್ದರು. ಕರಗಳ್ಳರು ಎಂಬ ಶಬ್ದ ಅದರಲ್ಲಿ ಇಲ್ಲ. ಎಲ್ಲಿ ಹೊಡೆದುಹಾಕಿದೆನೋ ನೆನಪಿಲ್ಲ.

ನಾನು ಕೇಳಿಕೊಂಡದ್ದು ಎರಡು. ಒಂದು, ಹೊಸ್ತಿಲನ್ನು ಎಣಿಸುವುದು ಬಿಡಿ, ಒಲೆ ಹೊತ್ತಿದ ದಿನದಿಂದ ಮನೆ ಎನ್ನಿ. ಎರಡು, ಹೊಸ ಮನೆಗೆ ಮೊದಲ ಐದು ವರ್ಷ ಅರ್ಧ ಕರ ಮಾತ್ರ ಹಾಕಿ, ಕಟ್ಟುವವರ ಕೈ ತಡೆಯಬೇಡಿ.

ಮಲಕಾಜಪ್ಪನವರು ಎದ್ದು ನಿಂತರು. "ನಾ ಮನಿ ಕೊಟ್ಟೆ, ನೀವು ನನ್ನ ಮನೀನ ಬರದ್ರಿ."

"ನಿಮ್ಮ ಪಾಯದ ಮಾತೂ ಬರದೇನ್ರಿ. ಅರ್ಧ ಕರ ಆದ್ರ ನೀವ ಕಟ್ಟತೀರಿ."

"ಅರ್ಧ ಆದ್ರ! ಸರ್ಕಾರ ಮೊದಲನೇದ್ದ ಅಷ್ಟ ಓದತೈತಿ."

ಆಗ ಅವರ ಹೆಂಡತಿ ಮುತ್ತವ್ವ ಬಾಗಿಲಿನಿಂದಲೇ ಹೇಳಿದಳು, "ಅಷ್ಟ ಓದ್ಲಿ ಬಿಡ್ರಿ. ಹೊಸ್ತಲರ ಬರ್ತೈತಿ." ಧಣಿಗಳು ಹೆಂಡತಿಯ ಕಡೆ ತಿರುಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ನನ್ನ ಕಡೆ ತಿರುಗಿದರು. "ಕಳಸ್ರಿ. ಹೊಸ್ತಲ ಹುಣ್ಣಿಮಿ ಒಳಗ ಮನಿ ಖಾಲಿ ಮಾಡ್ರಿ."

೨೬ ಅಕ್ಟೋಬರ್

ಅಂಚೆಗೆ ಹಾಕಿದೆ. ಅಜ್ಜನ ದೇವರೇ, ಬೀರಪ್ಪಾ, ಕಾಪಾಡು.

೨೨ ನವೆಂಬರ್

ಮನೆ ಹುಡುಕುತ್ತಿದ್ದೇನೆ. ಇಲ್ಲ. ರಬಕವಿಯಲ್ಲೂ ಇಲ್ಲ. ಓಣಿಯಲ್ಲಿ ಗಂಡಸರು ಮಾತಾಡುವುದಿಲ್ಲ. ನನ್ನ ತುಂಡಿನ ಮೇಲೆ ಒಬ್ಬನೇ ಕೂರುತ್ತೇನೆ. ಕಾಶಪ್ಪ ಮಾತ್ರ ಹಾದುಹೋಗುವಾಗ ಒಂದು ಕ್ಷಣ ನಿಲ್ಲುತ್ತಾನೆ.

೬ ಡಿಸೆಂಬರ್

ಆದೇಶ ಬಂತು. ಸರ್ಕಾರ ಇಷ್ಟು ಬೇಗ ಉತ್ತರಿಸಿದ್ದನ್ನು ನಾನು ಕಂಡಿಲ್ಲ. ಒಲೆ ಹೊತ್ತಿದ ದಿನದಿಂದ ಮನೆ ಎಂಬುದು ಹೊಸ ವರ್ಷದಿಂದ ಜಾರಿ. ಅರ್ಧ ಕರದ ವಿಷಯ "ಪರಿಶೀಲನೆಯಲ್ಲಿದೆ". ಮಲಕಾಜಪ್ಪನವರು ಹೇಳಿದ್ದೇ ಆಯಿತು. ಅವರ ಮುಂದೆ ಹೋಗಿ ನಿಂತು ಆದೇಶವನ್ನು ನಾನೇ ಓದಿದೆ. ತಪ್ಪಿಸಿಕೊಳ್ಳಬೇಕೆನ್ನಿಸಿತ್ತು, ಆದರೆ ನಮ್ಮ ಓಣಿಗೆ ಇದನ್ನು ಹುಲೆಪ್ಪ ಬಂದು ಹೇಳುವುದು ಬೇಡವಾಗಿತ್ತು.

ಅವರು ಬೀದಿಯಲ್ಲಿದ್ದ ತುಂಡುಗಳನ್ನು ಒಂದೊಂದಾಗಿ ನೋಡಿದರು. "ಕರ ಅಂತೂ ಬಂತು. ಇನ್ನ ಕಟಗಿ ಯಾಕ ಹೊರಗ ಬೀಳಬೇಕು? ಮಾನಪ್ಪಗ ಹೇಳಿ ಕಳಸ್ತೇನಿ." ಆಮೇಲೆ, "ನಾಕ ಮನಿಗಿ. ನಿಮ್ಮದ ಹೆಂಗೂ ಖಾಲಿ."

೧೮ ಡಿಸೆಂಬರ್

ಬಡಿಗೇರ ಮಾನಪ್ಪ ಬೆಳಿಗ್ಗೆಯೇ ಬಂದ. ಉಳಿ ಬಾಚಿ ಹರವಿಕೊಂಡು ತುಂಡುಗಳನ್ನು ನೋಡಿದ, ಬಾಗಿಲುಗಳನ್ನು ನೋಡಿದ. ನಾನು ಒಳಗೆ ಟ್ರಂಕು ಕಟ್ಟುತ್ತಿದ್ದೆ. ಎಲ್ಲ ಕೇಳಿಸುತ್ತಿತ್ತು.

"ನಾಕ ಹಾಕು" ಅಂದರು ಧಣಿಗಳು.

"ಐದನೇದು?"

"ಅದು ಬ್ಯಾಡ."

"ಹಂಗಾರ ನಾಕೂ ಬ್ಯಾಡ್ರಿ. ಒಂದ ತೊಲಿ ಕೆಳಗಿನ ಬಾಗಲಾ ಒಂದ ದಿನ, ಒಂದ ಗಳಿಗ್ಯಾಗ ಹೊಸ್ತಲ ಕಾಣಬೇಕು. ಒಂದ ಬಿಟ್ಟ ಹಾಕಿ, ನಾಳೆ ಇಲ್ಲಿ ಏನರ ಆತು ಅಂದ್ರ ನನ್ನ ಕೈಗುಣ ಅಂತೀರಿ. ನಾ ಉಳಿ ಮುಟ್ಟಂಗಿಲ್ಲ." ಹೇಳಿ ಎಲೆ ಅಡಿಕೆ ತೆಗೆದ.

ಮುತ್ತವ್ವ ಹೊರಗೆ ಬಂದಳು. "ಐದೂ ಹಾಕಸ್ರಿ. ನಾಡದ ಹುಣ್ಣಿಮಿ. ಒಂದ ಹೊಸ್ತಲ ಬೀದ್ಯಾಗ ಬಿಟಗೊಂಡ ನಾ ಪೂಜಿಗಿ ಕುಂಡ್ರಂಗಿಲ್ಲ." ಅನಸವ್ವನೂ ಬಂದು ಅವಳ ಪಕ್ಕ ನಿಂತಳು, ಉಳಿದ ಹೆಂಗಸರೂ ಬಂದರು. ಯಾರೂ ಗಲಾಟೆ ಮಾಡಲಿಲ್ಲ, ನಿಂತರು ಅಷ್ಟೇ.

ಮಲಕಾಜಪ್ಪನವರು ನನ್ನ ಬಾಗಿಲಿಗೆ ಬಂದು ಟ್ರಂಕು ನೋಡಿದರು. "ಹೊಸ್ತಲ ಹಾಕಿ ಮನಿ ಖಾಲಿ ಬಿಡಾಕ ಬರಂಗಿಲ್ರಿ, ಛಲೋ ಅಲ್ಲ. ದೀಪ ಹಚ್ಚಾಕ ಯಾರರ ಬೇಕು." ಹೊರಳುತ್ತ ಸೇರಿಸಿದರು. "ಬಾಡಿಗಿ ಮಾತ್ರ ಏರತೈತಿ. ಎಲ್ಲಾರ್ದೂ."

ಏರಲಿ ಅಂದೆ. ಟ್ರಂಕಿನ ಹಗ್ಗ ಬಿಚ್ಚುವಾಗ ಕಣ್ಣಲ್ಲಿ ನೀರು ಬಂತು. ಗಲಗಲಿಗೆ ಕಾಶಪ್ಪನೇ ಓಡಿದ.

೨೦ ಡಿಸೆಂಬರ್, ಭಾನುವಾರ, ಹೊಸ್ತಿಲ ಹುಣ್ಣಿಮೆ

ಬೆಳಿಗ್ಗೆ ಒಂದೇ ಗಳಿಗೆಯಲ್ಲಿ ಐದೂ ಹೊಸ್ತಿಲು ಕೂತವು. ನನ್ನದನ್ನು ಅನಸವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿದ್ದಳು. "ಆರ ತಿಂಗಳ ಕುಂತೀದಿ, ಮಸಿ ಬ್ಯಾರೆ ಚೆಲ್ಲೀದಿ" ಎಂದು ಬೈದಳು. ಹೂವಿನ ಪಕ್ಕದ ಒಂದು ಮಸಿಯ ಕಲೆ ಹೋಗಿಲ್ಲ.

ಬಂಡಿ ಬಂತು. ಅತ್ತೆ ಮೊದಲು ಇಳಿದು, ಬಗ್ಗಿ ಕೈಯಿಂದ ಮುಟ್ಟಿ ನೋಡಿದರು. ಆಮೇಲೆ ಮಗಳಿಗೆ ಬಾ ಎಂದರು. ಯಲ್ಲಕ್ಕ ಅರಿಶಿಣ ಹಚ್ಚಿ, ಬಲಗಾಲಿಟ್ಟು ದಾಟಿ ಒಳಗೆ ಬಂದು ನನ್ನ ಮುಖ ನೋಡಿದಳು. ನಾನು ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. ಕಾಶಪ್ಪನ ಮದುವೆಗೆ ಮುಂದಿನ ತಿಂಗಳು ಮುಹೂರ್ತ ಹಿಡಿದಿದ್ದಾರೆ.

ಪುಣೆಯವರು ಫಲಿತಾಂಶ ಕೇಳಿದ್ದಾರೆ. ಬರೆಯುವುದೇನು? ಬಾಡಿಗೆ ಏರಿತು. ಪಾಯದಲ್ಲಿ ಎಮ್ಮೆ ಇನ್ನೂ ಮಲಗಿದೆ. ಮನೆಗಳ ಸಂಖ್ಯೆ ಒಂದೂ ಹೆಚ್ಚಲಿಲ್ಲ. ಅರ್ಧ ಕರದ ಬಗ್ಗೆ ಮತ್ತೆ ಬರೆಯಬೇಕು, ಉತ್ತರ ಬರುವ ತನಕ ಬರೆಯಬೇಕು.

ಇಳಿಹೊತ್ತಿಗೆ ಮಾಯಿ ಅಂಬೆಗಾಲಿಟ್ಟು ಬಾಗಿಲ ತನಕ ಹೋದಳು. ಹೊಸ್ತಿಲಿಲ್ಲದ ಕಾಲದಲ್ಲಾಗಿದ್ದರೆ ನೇರ ಬೀದಿಗೆ ಹೋಗುತ್ತಿದ್ದಳು. ಇವತ್ತು ತಡೆಯಿತು. ಎರಡೂ ಕೈ ಹೊಸ್ತಿಲ ಮೇಲಿಟ್ಟು ಅದೇನೆಂದು ನೋಡಿದಳು, ನೆಕ್ಕಿದಳು, ಹೊಟ್ಟೆ ಮೇಲೆ ಹೊರಳಿ ಆಚೆ ಬಿದ್ದಳು. ಅಳಲಿಲ್ಲ. ಅಲ್ಲೇ ನಿಂತಿದ್ದ ಮಲಕಾಜಪ್ಪನವರು ಎತ್ತಿಕೊಂಡು ಧೂಳು ಕೊಡವಿದರು. "ಹೊಸ್ತಲ ದಾಟಿತು ಕೂಸು! ಕಡಬ ಮಾಡ್ರಿ" ಎಂದು ಅನಸವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು.

ಇದನ್ನು ಬರೆದಿಡಬೇಕೆಂದು ದಿನಚರಿ ಹಿಡಿದು ಹೊರಗೆ ಬಂದೆ. ಬೇಲಿಯ ಹತ್ತಿರ ನನ್ನ ತುಂಡು ಇಲ್ಲ. ಯಾವ ತುಂಡೂ ಇಲ್ಲ, ಗಂಡಸರೆಲ್ಲ ಗೋಡೆಗೆ ಒರಗಿ ನಿಂತಿದ್ದಾರೆ. ಹಿಂತಿರುಗಿ, ಯೋಚನೆಯಿಲ್ಲದೆ ನನ್ನ ಬಾಗಿಲಲ್ಲಿ ಅದೇ ಕಟ್ಟಿಗೆಯ ಮೇಲೆ ಕುಳಿತು ಪೆನ್ನು ತೆರೆದೆ.

"ಏಳ್ ಏಳ್ ತಮ್ಮಾ! ಹೊಸ್ತಲ ಮ್ಯಾಲ ಕುಂಡ್ರತಾರೇನ?" ಅನಸವ್ವ ಗದರಿದಳು.

ಎದ್ದೆ. ನಿಂತೇ ಬರೆಯುತ್ತಿದ್ದೇನೆ.